ಬುತ್ತಿ ಮರೆತರೂ ಕೊಡೆ ಮರೆಯಬೇಡ

ಮೊದಲ ದಿನ

ಕ್ಯೋಟೋ ನಗರದಲ್ಲಿ ಎಳೆ ಬಿಸಿಲಿತ್ತು. ಜನವರಿಯ ಕೊನೆಯ ವಾರ. ಬಾಗಿಲಿಗೆ ಬೀಗ ಹಾಕಿದ ತಂಗಿ ಮತ್ತೆ ಬೀಗ ತೆಗೆದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಎರಡು ಕೊಡೆಗಳಿದ್ದವು.

"ಇಷ್ಟು ಬಿಸಿಲಿದೆ, ಕೊಡೆ ಯಾಕೆ?" ಎಂದು ಕೇಳಿದೆ.

"ನಾವು ಹೋಗುತ್ತಿರುವುದು ಉತ್ತರದ ಕರಾವಳಿಗೆ, ತಾಂಗೋ ಸೀಮೆಗೆ ಅಕ್ಕ. ಅಲ್ಲಿಯವರದ್ದೇ ಒಂದು ಮಾತಿದೆ. ಬುತ್ತಿ ಮರೆತರೂ ಕೊಡೆ ಮರೆಯಬೇಡ."

ಆ ಮಾತು ಕೇಳಿದ ಕೂಡಲೇ ಅಘನಾಶಿನಿ ದಂಡೆಯ ನಮ್ಮ ಮನೆಯ ಜಗಲಿ ಕಣ್ಣೆದುರು ಬಂತು. ಜೂನ್ ತಿಂಗಳಲ್ಲಿ ಶಾಲೆಗೆ ಹೊರಟ ನಮ್ಮಿಬ್ಬರಿಗೂ ಅಮ್ಮ ಮೊದಲು ಕೊಡುತ್ತಿದ್ದದ್ದು ಕೊಡೆ, ಆಮೇಲೆ ಊಟದ ಡಬ್ಬಿ. ಕುಮಟಾ ತಾಲ್ಲೂಕಿನ ಅಳಿವೆಯ ಬದಿಯ ಊರು ನಮ್ಮದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿ. ತಂಗಿ ಕ್ಯೋಟೋದ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿ ಎಂಟು ವರ್ಷವಾಯಿತು. ನಾನು ಅವಳಲ್ಲಿಗೆ ಬಂದದ್ದು ಇದೇ ಮೊದಲು. ಹಿಮ ನೋಡಬೇಕು ಎಂದಿದ್ದೆ. ಹಿಮದ ಮೇಲೆ ಜಾರುವ ಜಾಗಕ್ಕೆ ಕರೆದೊಯ್ಯುತ್ತಾಳೆ ಎಂದುಕೊಂಡಿದ್ದರೆ ಅವಳು ಆರಿಸಿದ್ದು ಇನೆ ಎಂಬ ಮೀನುಗಾರರ ಊರನ್ನು. "ನಿನಗೆ ಅಲ್ಲಿಯ ಹಿಮವೇ ಅರ್ಥವಾಗುತ್ತದೆ" ಎಂದಷ್ಟೇ ಹೇಳಿದಳು.

ರೈಲು ಉತ್ತರಕ್ಕೆ ಹೊರಟು ಒಂದು ತಾಸು ಕಳೆಯುವವರೆಗೂ ಬಿಸಿಲು ನಮ್ಮ ಜೊತೆಗಿತ್ತು. ಅಯಾಬೆ ದಾಟಿದ ಮೇಲೆ ಬೆಟ್ಟಗಳ ನೆತ್ತಿಯಲ್ಲಿ ಮೋಡ ಕೂತಿತ್ತು. ಒಂದು ಸುರಂಗಕ್ಕೆ ಬಿಸಿಲಿನಲ್ಲಿ ಹೊಕ್ಕೆವು, ಹೊರಗೆ ಬರುವಾಗ ಗದ್ದೆಯ ಬದುಗಳ ಮೇಲೆ ಬೆಳ್ಳನೆಯ ಗೆರೆಗಳು ಮೂಡಿದ್ದವು. ಆಗುಂಬೆ ಘಾಟಿಯನ್ನು ಜುಲೈಯಲ್ಲಿ ಇಳಿದವರಿಗೆ ಈ ಅನುಭವ ಗೊತ್ತಿರುತ್ತದೆ: ಒಂದು ತಿರುವಿನ ಆಚೆ ಒಂದು ಹವೆ, ಈಚೆ ಇನ್ನೊಂದು.

ತಂಗಿ ಕಿಟಕಿಯ ಗಾಜಿನ ಮೇಲೆ ಕೂತ ಉಸಿರಿನ ಆವಿಯಲ್ಲಿ ಬೆರಳಿನಿಂದ ನಕ್ಷೆ ಬರೆದು ತೋರಿಸಿದಳು. ಚಳಿಗಾಲದಲ್ಲಿ ಸೈಬೀರಿಯಾದಿಂದ ಒಣ ಚಳಿಗಾಳಿ ಹೊರಟು ಜಪಾನ್ ಸಮುದ್ರವನ್ನು ದಾಟುತ್ತದೆ. ಆ ಸಮುದ್ರದಲ್ಲಿ ಕುರೋಶಿಯೋ ಎಂಬ ಬಿಸಿ ಪ್ರವಾಹದ ಒಂದು ಕವಲು, ತ್ಸುಶಿಮಾ ಪ್ರವಾಹ, ಹರಿಯುತ್ತಿರುತ್ತದೆ. ಬೆಚ್ಚಗಿನ ನೀರಿನಿಂದ ತೇವ ಹೀರಿಕೊಂಡ ಗಾಳಿ ಕರಾವಳಿಯ ಬೆಟ್ಟಕ್ಕೆ ಬಡಿದು ಮೇಲೇರಿ, ಹೊತ್ತದ್ದನ್ನೆಲ್ಲ ಹಿಮವಾಗಿ ಇಳಿಸುತ್ತದೆ. ಬೆಟ್ಟ ದಾಟಿ ಆಚೆ ಇಳಿಯುವಾಗ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಕೇಳುತ್ತಾ ಕೇಳುತ್ತಾ ನಾನೇ ಅವಳ ಮಾತನ್ನು ಮುಗಿಸಿದೆ. ಅರಬ್ಬೀ ಸಮುದ್ರ, ನೈಋತ್ಯ ಮಾರುತ, ಘಟ್ಟ, ಆಚೆ ಬಯಲುಸೀಮೆ. ನಾವು ಬೆಳಿಗ್ಗೆ ಬಿಟ್ಟುಬಂದ ಬಿಸಿಲಿನ ಕ್ಯೋಟೋ ಈ ಗಾಳಿಯ ಪಾಲಿಗೆ ಬಯಲುಸೀಮೆ. ನಾವು ಹೋಗುತ್ತಿದ್ದದ್ದು ಕರಾವಳಿಗೆ, ಮಳೆಗಾಲದ ನಡುಮಧ್ಯಕ್ಕೆ.

ಅಮಾನೊಹಾಶಿದಾತೆಯಲ್ಲಿ ರೈಲಿನಿಂದ ಇಳಿದೆವು. 3.6 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ, ಅದರ ತುಂಬ ಪೈನ್ ಮರಗಳು. ಜಪಾನಿನ ಮೂರು ಮಹಾ ದೃಶ್ಯಗಳಲ್ಲಿ ಒಂದೆಂದು ಹೆಸರಾದದ್ದು. ಬೆಟ್ಟದ ಮೇಲೆ ನಿಂತು, ಬಗ್ಗಿ, ಕಾಲುಗಳ ನಡುವಿನಿಂದ ತಲೆಕೆಳಗಾಗಿ ನೋಡಿದರೆ ಅದು ಆಕಾಶಕ್ಕೆ ಕಟ್ಟಿದ ಸೇತುವೆಯಂತೆ ಕಾಣುತ್ತದಂತೆ. ಅವತ್ತು ಬೆಟ್ಟವೂ ಕಾಣುತ್ತಿರಲಿಲ್ಲ, ಆಕಾಶವೂ ಕಾಣುತ್ತಿರಲಿಲ್ಲ. ಒಂದು ಬಟ್ಟಲು ಬಿಸಿ ಸಾರು ಕುಡಿದು ಬಸ್ ಹತ್ತಿದೆವು.

ಬಸ್ ಸುಮಾರು ಒಂದು ತಾಸು ಕಡಲಿನ ಅಂಚಿನಲ್ಲೇ ಸಾಗುತ್ತದೆ. ಕೆಲವು ಕಡೆ ರಸ್ತೆಯ ನಡುವೆ ಹೂತ ಕೊಳವೆಗಳಿಂದ ನೀರು ಚಿಮ್ಮುತ್ತಿತ್ತು. ನೆಲದಡಿಯ ನೀರು ಚಳಿಗಾಲದಲ್ಲೂ ಅಷ್ಟು ತಣ್ಣಗಾಗುವುದಿಲ್ಲ. ಅದನ್ನೇ ಚಿಮುಕಿಸಿ ರಸ್ತೆಯ ಹಿಮ ಕರಗಿಸುತ್ತಾರೆ. ಐದು ಗಂಟೆಗೆ ಮೊದಲೇ ಬೆಳಕು ಇಳಿಯತೊಡಗಿತ್ತು. ಇನೆಯಲ್ಲಿ ಇಳಿದಾಗ ಕಡಲು, ಮುಗಿಲು, ಹೆಂಚು ಎಲ್ಲವೂ ಒಂದೇ ಬೂದುಬಣ್ಣ. ಬೆಟ್ಟದ ಇಳಿಜಾರಿನಲ್ಲಿ ಹಳೆಯ ಹಿಮ ಅಲ್ಲಲ್ಲಿ ಉಳಿದಿತ್ತು. ನಮ್ಮ ಕೋಣೆ ಒಂದು ದೋಣಿಮನೆಯ ಮಹಡಿಯಲ್ಲಿ. ಸೀಮೆಎಣ್ಣೆಯ ಹೀಟರಿನ ವಾಸನೆ, ಕೆಳಗೆ ನೀರು ಕಲ್ಲಿಗೆ ತಾಗುವ ಸದ್ದು. ಮನೆಯೊಡತಿಗೆ ಎಪ್ಪತ್ತು ದಾಟಿರಬೇಕು. ಕೊತಾತ್ಸು ಎಂಬ ಗಿಡ್ಡ ಮೇಜಿನಡಿ ಕಾಲು ಚಾಚಲು ಹೇಳಿ ಚಹಾ ಇಟ್ಟರು. ಮೇಜಿನಡಿ ಹೀಟರ್, ಸುತ್ತ ಇಳಿಬಿಟ್ಟ ದಪ್ಪ ರಜಾಯಿ. ಕಾಲಿಗೆ ಜೀವ ಬಂತು.

ರಾತ್ರಿ ಹತ್ತರ ಹೊತ್ತಿಗೆ ಗುಡುಗಿತು. ನಾನು ಎದ್ದು ಕುಳಿತೆ. ಈ ಚಳಿಯಲ್ಲಿ ಗುಡುಗನ್ನು ನಾನು ಊಹಿಸಿರಲಿಲ್ಲ. ಅಜ್ಜಿ ಕೆಳಗಿನಿಂದಲೇ ಏನೋ ಕೂಗಿ ಹೇಳಿದರು. "ಯುಕಿ-ಒಕೋಶಿ ಅಂತೆ" ಎಂದಳು ತಂಗಿ, "ಹಿಮವನ್ನು ಎಬ್ಬಿಸುವ ಗುಡುಗು." ನಮ್ಮಲ್ಲಿ ಗುಡುಗಿದರೆ ಅಣಬೆ ಏಳುತ್ತದೆ ಎನ್ನುತ್ತಾರೆ. ಕತ್ತಲಲ್ಲಿ ಕಿವಿಗೊಟ್ಟು ಕುಳಿತೆ, ಮಳೆಯ ಸದ್ದಿಗೆ ಕಾಯುವವರಂತೆ. ಏನೂ ಕೇಳಿಸಲಿಲ್ಲ.

ಎರಡನೆಯ ದಿನ

ಹಿಮ ಬಿದ್ದದ್ದು ಗೊತ್ತಾದದ್ದು ಕಣ್ಣಿನಿಂದಲ್ಲ. ಎಚ್ಚರವಾದಾಗ ಕೆಳಗಿನ ನೀರಿನ ಸದ್ದು ಬಿಟ್ಟರೆ ಊರಿನ ಬೇರೆಲ್ಲ ಸದ್ದನ್ನೂ ಯಾರೋ ಒರೆಸಿಬಿಟ್ಟಂತಿತ್ತು. ಕಿಟಕಿ ಸರಿಸಿದೆ. ಕೊಲ್ಲಿ ಕಪ್ಪಗಿತ್ತು, ಶಾಯಿಯಂತೆ. ಅದರ ಸುತ್ತ ಬಾಗಿ ನಿಂತ ನೂರಾರು ಮಾಡುಗಳ ಮೇಲೆ ಮೊಣಕಾಲೆತ್ತರದ ಹಿಮ. ಲಂಗರು ಹಾಕಿದ ದೋಣಿಗಳ ಮೇಲೂ ಹಿಮ. ನೀರಿನ ಮೇಲೆ ತೆಳ್ಳನೆಯ ಆವಿ ಏಳುತ್ತಿತ್ತು. ಗಾಳಿಗಿಂತ ಕಡಲೇ ಬೆಚ್ಚಗಿದ್ದ ಮುಂಜಾನೆ ಅದು.

ಅಜ್ಜಿ ಆಗಲೇ ರಬ್ಬರ್ ಬೂಟು ತೊಟ್ಟು ಬಕೆಟ್ ಹಿಡಿದು ನಿಂತಿದ್ದರು. ದೋಣಿ ಬಂದಿದೆ, ಬರುತ್ತೀರಾ ಎಂದು ಕೇಳಿದರು. ಇನೆಯಲ್ಲಿ ಮೀನು ಕೊಳ್ಳುವುದು ಹೀಗೆ: ಬೆಳಿಗ್ಗೆ ಬಲೆಯ ದೋಣಿ ದಕ್ಕೆಗೆ ಬಂದಾಗ ಊರವರು ಬಕೆಟ್ ಹಿಡಿದು ಹೋಗಿ ಅಲ್ಲಿಯೇ ಆರಿಸಿಕೊಳ್ಳುತ್ತಾರೆ. ಹಿಮ ಸರಿಸಿ ಮಾಡಿದ್ದ ಒಂದಾಳು ಅಗಲದ ದಾರಿಯಲ್ಲಿ ಅವರ ಹಿಂದೆ ನಡೆದೆವು. ನಮ್ಮ ಬೂಟಿನಡಿ ಹಿಮ ಕಿರುಗುಟ್ಟಲಿಲ್ಲ, ಪಚ್ಚನೆ ಅಮುಕಿತು. ತೇವ ತುಂಬಿದ ಭಾರದ ಹಿಮ ಇದು. ಒಣಗಿದ ಪುಡಿಹಿಮಕ್ಕೆ ಇಲ್ಲಿ ಕೊನಾ-ಯುಕಿ ಎನ್ನುತ್ತಾರೆ. ದೊಡ್ಡ ದೊಡ್ಡ ಎಸಳಾಗಿ ಇಳಿಯುವ ಹಸಿಹಿಮಕ್ಕೆ ಬೊತಾನ್-ಯುಕಿ, ಎಂದರೆ ಪಿಯೋನಿ ಹೂವಿನ ಹಿಮ. ಮಳೆ ಬೆರೆತ ಹಿಮಕ್ಕೆ ಮಿಜೊರೆ. ನಮ್ಮ ಕರಾವಳಿಯ ಮಾತಿನಲ್ಲಿ ಹಿಮಕ್ಕೆ ಮನೆಮಾತಿನ ಒಂದು ಶಬ್ದವೂ ಇಲ್ಲ, ಹಿಮ ಎನ್ನುವುದೇ ಪುಸ್ತಕದಿಂದ ಬಂದದ್ದು. ಆದರೆ ಮಳೆಗೆ ಸೋನೆ, ತುಂತುರು, ಜಡಿ, ಬಿರುಸು ಎಂದು ಎಷ್ಟೊಂದು ಹೆಸರುಗಳಿವೆ. ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರದ ಲೆಕ್ಕವೂ ಇದೆ. ಇಲ್ಲಿಯ ಹಳೆಯ ಪಂಚಾಂಗವೂ ವರ್ಷವನ್ನು 24 ಭಾಗ ಮಾಡುತ್ತದೆ. ಈಗ ನಡೆಯುತ್ತಿರುವುದು ದಾಯ್‌ಕಾನ್, ಮಹಾಚಳಿ. ಅದು ಮುಗಿದ ಕೂಡಲೇ ವಸಂತದ ಮೊದಲ ದಿನ ಎಂದು ಬರೆದಿರುತ್ತದೆ, ಹೊರಗೆ ಎಷ್ಟೇ ಹಿಮವಿರಲಿ.

ದಕ್ಕೆಯಲ್ಲಿ ಏಳೆಂಟು ಜನರಿದ್ದರು. ಗಟ್ಟಿಯಾಗಿ ಮಾತಾಡುವವರಿಲ್ಲ. ನಮ್ಮ ಕುಮಟೆಯ ಮೀನುಪೇಟೆಯ ಗದ್ದಲಕ್ಕೆ ಒಗ್ಗಿದ ನನ್ನ ಕಿವಿಗೆ ಅದೊಂದು ದೇವಸ್ಥಾನದಂತೆ ತೋರಿತು. ಪೆಟ್ಟಿಗೆಗಳಲ್ಲಿ ಬುರಿ ಮೀನು ಮಲಗಿತ್ತು: ತೋಳುದ್ದಕ್ಕೂ ಮೀರಿದ್ದು, ಬೆನ್ನು ಉಕ್ಕಿನ ನೀಲಿ, ಹೊಟ್ಟೆ ಬೆಳ್ಳಿ, ನಡುವೆ ಒಂದು ಹಳದಿ ಪಟ್ಟಿ. ಇನೆಯ ಬುರಿಗೆ ಜಪಾನಿನಲ್ಲೇ ದೊಡ್ಡ ಹೆಸರು. ಈ ಮೀನು ಬೆಳೆದಂತೆ ಹೆಸರು ಬದಲಿಸುತ್ತದೆ. ಒಸಾಕಾ ಸುತ್ತಿನ ಕಾನ್ಸಾಯ್ ಸೀಮೆಯಲ್ಲಿ ಮರಿಗೆ ತ್ಸುಬಾಸು, ಸ್ವಲ್ಪ ಬೆಳೆದರೆ ಹಮಾಚಿ, ಆಮೇಲೆ ಮೆಜಿರೋ, ಪೂರ್ತಿ ಬೆಳೆದರೆ ಬುರಿ. ಕರು ಕಡಸಾಗಿ ಹಸುವಾಗುವಂತೆ. ಚಳಿ ಹೆಚ್ಚಿದಷ್ಟೂ ಅದರ ಮೈಯಲ್ಲಿ ಕೊಬ್ಬು ಸೇರುತ್ತದೆ. ಚಳಿಗಾಲದ ಆರಂಭದ ಗುಡುಗಿಗೆ ಮೀನುಗಾರರು ಬುರಿ-ಒಕೋಶಿ ಎಂದೇ ಕರೆಯುತ್ತಾರೆ, ಬುರಿಯನ್ನು ಎಬ್ಬಿಸುವ ಗುಡುಗು. ಒಂದೇ ಗುಡುಗು ಹಿಮವನ್ನೂ ಎಬ್ಬಿಸುತ್ತದೆ, ಮೀನನ್ನೂ ಎಬ್ಬಿಸುತ್ತದೆ. ಆಕಾಶದ ಸದ್ದಿಗೆ ಕಡಲಿನಲ್ಲಿ ಅರ್ಥ ಹುಡುಕುವ ಜನ ಇವರು ಎಂದು ತಿಳಿದಾಗ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು.

ಅಜ್ಜಿ ಕೊಂಡದ್ದು ಸಣ್ಣ ಮೀನು. ಬುರಿ ಪಟ್ಟಣಕ್ಕೆ ಹೋಗುತ್ತದೆ ಎಂದರು.

ತಿಂಡಿ ಮುಗಿಸಿ ಕೊಲ್ಲಿಯ ಸುತ್ತಿನ ನಡಿಗೆಗೆ ಹೊರಟೆವು. ದಂಡೆಯ ಉದ್ದ ಸುಮಾರು ಐದು ಕಿಲೋಮೀಟರ್. ಅಷ್ಟುದ್ದಕ್ಕೂ ನೀರಿನ ಅಂಚಿಗೆ ಒತ್ತಿಕೊಂಡು ಸುಮಾರು 230 ಫುನಾಯಗಳು ನಿಂತಿವೆ. ಫುನಾಯ ಎಂದರೆ ದೋಣಿಮನೆ. ಕೆಳಗಿನ ಅಂತಸ್ತಿಗೆ ಕಡಲೇ ಅಂಗಳ. ಇಳಿಜಾರಾದ ಕಲ್ಲುನೆಲದ ಮೇಲೆ ನೀರು ಮನೆಯೊಳಗೆ ಬರುತ್ತದೆ, ದೋಣಿಯೂ ಹಾಗೆಯೇ ಒಳಗೆ ಬರುತ್ತದೆ. ಮೇಲಿನ ಅಂತಸ್ತಿನಲ್ಲಿ ಬಲೆ, ಹಗ್ಗ ಇಡುತ್ತಿದ್ದರು; ಈಗ ಕೆಲವರು ನಮ್ಮಂಥ ಅತಿಥಿಗಳನ್ನು ಇಡುತ್ತಾರೆ. ಕುಟುಂಬ ಇರುವ ಮನೆ ರಸ್ತೆಯ ಇನ್ನೊಂದು ಬದಿಗೆ, ಬೆಟ್ಟಕ್ಕೆ ಬೆನ್ನು ಕೊಟ್ಟು. ಮರದ ದೋಣಿಯ ಕಾಲದಲ್ಲಿ ದೋಣಿಯನ್ನು ಒಣಗಿಸದಿದ್ದರೆ ಹುಳ ಹಿಡಿದು ಕೊಳೆಯುತ್ತಿತ್ತು. ಮಳೆ, ಹಿಮ ಬಿಡದ ಈ ಸೀಮೆಯಲ್ಲಿ ಒಣಗಿಸಲು ಮಾಡು ಬೇಕೇ ಬೇಕು. ನಮ್ಮವರು ಮಳೆಗಾಲದಲ್ಲಿ ದೋಣಿಯನ್ನು ದಂಡೆಗೆ ಎಳೆದು ತೆಂಗಿನ ಮಡಲು ಹೊದಿಸಿ ಮುಚ್ಚುತ್ತಿದ್ದರು. ಇವರು ಅದಕ್ಕೊಂದು ಮನೆಯನ್ನೇ ಕಟ್ಟಿದರು.

ಕಡಲಿಗೆ ಇಷ್ಟು ಹತ್ತಿರ ಮನೆ ಕಟ್ಟುವ ಧೈರ್ಯ ಹೇಗೆ ಬಂತು ಎಂದು ನನಗೆ ನಿಜಕ್ಕೂ ತಿಳಿಯದಾಯಿತು. ನಮ್ಮ ಅಳಿವೆಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರ ಇಳಿತದ ಅಂತರ ಒಂದೂವರೆ ಮೀಟರನ್ನೂ ಮೀರುತ್ತದೆ. ಹೀಗೆ ಕಟ್ಟಿದರೆ ಆರು ತಾಸಿನಲ್ಲಿ ಅಡುಗೆಮನೆಗೆ ನೀರು ನುಗ್ಗುತ್ತದೆ. ಜಪಾನ್ ಸಮುದ್ರ ಹಾಗಲ್ಲ. ಸುತ್ತಲೂ ನೆಲ, ಹೊರಗಿನ ಸಾಗರಕ್ಕೆ ಕಿರಿದಾದ ಜಲಸಂಧಿಗಳು ಮಾತ್ರ. ಆದ್ದರಿಂದ ಉಬ್ಬರದ ಅಲೆ ಒಳಗೆ ಬರುವುದೇ ಕಡಿಮೆ. ಇನೆಯಲ್ಲಿ ನೀರಿನ ಏರಿಳಿತ ಅರ್ಧ ಮೀಟರಿನ ಆಸುಪಾಸು. ಮೇಲಾಗಿ ಕೊಲ್ಲಿಯ ಬಾಯಿ ದಕ್ಷಿಣಕ್ಕಿದೆ. ವಾಯವ್ಯದ ಚಳಿಗಾಳಿಗೆ ಬೆಟ್ಟ ಅಡ್ಡ ನಿಂತಿದೆ. ಬಾಯಿಯ ನಡುವೆ ಅಓಶಿಮಾ ಎಂಬ ಕಾಡು ತುಂಬಿದ ನಡುಗಡ್ಡೆ ಬಾಗಿಲ ಕಾವಲುಗಾರನಂತಿದೆ. ಹೊರಗೆ ಕಡಲು ಎಷ್ಟೇ ಕುದಿಯುತ್ತಿದ್ದರೂ ಒಳಗೆ ಬಾವಿಯ ನೀರು.

ಒಂದು ಫುನಾಯದ ಮುಂದೆ ಒಬ್ಬ ಹಿರಿಯರು ಹಿಮ ಸರಿಸುತ್ತಿದ್ದರು. ಅಗಲವಾದ ತಗಡಿನ ಬುಟ್ಟಿಗೆ ಹಿಡಿ ಸೇರಿಸಿದಂಥ ಉಪಕರಣ. ತಳ್ಳಿಕೊಂಡು ಹೋಗಿ ಹಿಮವನ್ನು ಸೀದಾ ಕಡಲಿಗೆ ಸುರಿಯುತ್ತಿದ್ದರು. ನೀರಿಗೆ ಬಿದ್ದ ಹಿಮ ಒಂದು ಕ್ಷಣ ಬೆಳ್ಳಗೆ ತೇಲಿ, ಬೂದುಬಣ್ಣಕ್ಕೆ ತಿರುಗಿ, ಇಲ್ಲವಾಗುತ್ತಿತ್ತು. ತಂಗಿ ಮಾತಾಡಿಸಿದಳು. ಒಳಗೆ ಬಂದು ನೋಡಿ ಎಂದರು. ನೆಲದ ಮಟ್ಟದಲ್ಲಿ ಕಂಬಗಳು ಕಪ್ಪಗಿದ್ದವು. ಶೀ ಎಂಬ ಮರದವು, ನೀರು ತಾಗಿದರೂ ಬೇಗ ಕೊಳೆಯುವುದಿಲ್ಲ ಎಂದು ಬಡಿದು ತೋರಿಸಿದರು. ದೋಣಿ ಒಳಗಿರಲಿಲ್ಲ. ಈಗಿನ ಫೈಬರ್ ದೋಣಿಗಳು ದೊಡ್ಡವು, ಒಳಗೆ ಹಿಡಿಸುವುದಿಲ್ಲ, ಒಣಗಿಸುವ ಅಗತ್ಯವೂ ಇಲ್ಲ. ಖಾಲಿ ಇಳಿಜಾರಿನ ಮೇಲೆ ನೀರು ಬಂದು ಹೋಗುತ್ತಿತ್ತು. ಅಲ್ಲೇ ಬಾಗಿಲ ಬಳಿ ಹಗ್ಗ ಕಟ್ಟಿ ಇಳಿಬಿಟ್ಟ ಬಲೆಯ ಪಂಜರ: ಮೊಂದೋರಿ. ಮೀನಿನ ತಲೆ, ಮುಳ್ಳು ಒಳಗೆ ಹಾಕಿ ರಾತ್ರಿ ಇಳಿಸಿದರೆ ಬೆಳಿಗ್ಗೆ ಸಾರಿಗೆ ಆಗುವಷ್ಟು ಮೀನು. ನಮ್ಮ ಕಡೆಯ ಕೂಳಿ ನೆನಪಾಯಿತು. ಮೊದಲ ಮಳೆಗೆ ಗದ್ದೆಯ ತೂಬಿನಲ್ಲಿ ಅಜ್ಜ ಇಡುತ್ತಿದ್ದ ಬಿದಿರಿನ ಕೂಳಿ.

ನಾವು ನಡೆಯುತ್ತಿದ್ದ ಈ ರಸ್ತೆ ಹಳೆಯದೇನಲ್ಲ. ಮೊದಲು ಮನೆಗೂ ಫುನಾಯಕ್ಕೂ ನಡುವೆ ಇದ್ದದ್ದು ಕಿರಿದಾದ ಅಂಗಳ ಮಾತ್ರ. ಭಾರದ ಸಾಮಾನೆಲ್ಲ ದೋಣಿಯಲ್ಲೇ ಓಡಾಡುತ್ತಿತ್ತು. 1931ರಿಂದ 1940ರವರೆಗೆ ರಸ್ತೆ ಮಾಡಿದಾಗ ಫುನಾಯಗಳನ್ನು ಕಡಲ ಕಡೆಗೆ ಸರಿಸಿದರು. ಬುರಿ ಮೀನಿನ ಹಣ ಬಂದ ಕಾಲದಲ್ಲಿ ಹುಲ್ಲಿನ ಮಾಡು ಹೋಗಿ ಹೆಂಚು ಬಂತು, ಮಹಡಿ ಎದ್ದಿತು. 2005ರಲ್ಲಿ ಸರ್ಕಾರ ಊರನ್ನು ಸಂರಕ್ಷಿತ ಪಾರಂಪರಿಕ ವಲಯವೆಂದು ಘೋಷಿಸಿತು. ಮೀನುಗಾರರ ಊರೊಂದಕ್ಕೆ ಜಪಾನಿನಲ್ಲಿ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು. ಆದರೆ ಇಡೀ ಇನೆ ಪಟ್ಟಣದ ಜನಸಂಖ್ಯೆ ಈಗ ಸುಮಾರು 2,000. ದಾರಿಯುದ್ದಕ್ಕೂ ಹೆಜ್ಜೆಯ ಗುರುತೇ ಇಲ್ಲದ ಹೊಸ್ತಿಲುಗಳನ್ನು ಕಂಡೆ. ಹಿಮ ಅದನ್ನು ಮುಚ್ಚಿಡುವುದಿಲ್ಲ, ಎತ್ತಿ ತೋರಿಸುತ್ತದೆ: ಯಾವ ಮನೆಯಲ್ಲಿ ಜನರಿದ್ದಾರೆ, ಯಾವುದರಲ್ಲಿ ಇಲ್ಲ. ಒಂದು ಮನೆಯ ಬಾಗಿಲವರೆಗೆ ಪಕ್ಕದ ಮನೆಯವರ ಬೂಟಿನ ಗುರುತು ಹೋಗಿ, ಅಲ್ಲೊಂದು ಡಬ್ಬಿ ಇಟ್ಟು ವಾಪಸು ಬಂದಿತ್ತು.

ಊರಿನ ನಡುವೆ ಮದ್ಯ ತಯಾರಿಸುವ ಹಳೆಯ ಮನೆಯೊಂದಿದೆ, ಮುಕಾಯಿ ಶುಜೋ. 1754ರಿಂದ ನಡೆದುಬಂದದ್ದು. ಅಕ್ಕಿಯಿಂದ ಸಾಕೆ ತಯಾರಾಗುವುದು ಹೆಚ್ಚಾಗಿ ಚಳಿಗಾಲದಲ್ಲಿ. ಹಿಂದಿನ ಕಾಲದ ಕೆಂಪು ತಳಿಯ ಅಕ್ಕಿಯಿಂದ ಇಲ್ಲಿ ಗುಲಾಬಿ ಬಣ್ಣದ ಸಾಕೆ ಮಾಡುತ್ತಾರೆ, ಅದರ ಹೆಸರು ಇನೆ ಮಾಂಕಾಯ್. ನಾನು ಕುಡಿಯುವವಳಲ್ಲ, ಆದರೆ ಕೆಂಪಕ್ಕಿ ಎಂದ ಕೂಡಲೇ ಕಿವಿ ನೆಟ್ಟಗಾಯಿತು. ನಮ್ಮ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಬಗ್ಗದ ಕಗ್ಗ ಭತ್ತ ಬೆಳೆಯುತ್ತಿತ್ತು, ಅದೂ ಕೆಂಪಕ್ಕಿಯೇ. ಈಗ ಬೆಳೆಯುವವರು ಬೆರಳೆಣಿಕೆಯಷ್ಟು. ಕಳೆದುಹೋಗುತ್ತಿದ್ದ ಒಂದು ಅಕ್ಕಿಗೆ ಇಲ್ಲಿ ಹೊಸ ಬದುಕು ಸಿಕ್ಕಿದ್ದನ್ನು ನೋಡಿ ಆ ಸೀಸೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ.

ಸಂಜೆ ಅಜ್ಜಿ ಊಟಕ್ಕೆ ಹೆಶಿಕೊ ಬಡಿಸಿದರು. ಬಂಗಡೆ ಜಾತಿಯ ಮೀನನ್ನು ಉಪ್ಪಿನಲ್ಲಿಟ್ಟು, ಆಮೇಲೆ ಅಕ್ಕಿಯ ತೌಡಿನಲ್ಲಿ ಹುದುಗಿಸಿ, ಭಾರ ಹೇರಿ ತಿಂಗಳುಗಟ್ಟಲೆ ಇಡುತ್ತಾರೆ. ವರ್ಷ ಕಳೆದರೂ ಕೆಡುವುದಿಲ್ಲ. ಕಡಲಿಗೆ ಇಳಿಯಲಾಗದ ದಿನಗಳಿಗಾಗಿ ಮಾಡಿಟ್ಟದ್ದು. ತೆಳ್ಳಗೆ ಕೊಯ್ದು ಬೆಂಕಿಗೆ ಹಿಡಿದಾಗ ಬಂದ ವಾಸನೆಗೆ ತಂಗಿಯೂ ನಾನೂ ಒಬ್ಬರನ್ನೊಬ್ಬರು ನೋಡಿದೆವು. ಆಷಾಢದ ರಾತ್ರಿ, ಕರೆಂಟ್ ಇಲ್ಲ, ನಮ್ಮ ಅಜ್ಜಿ ಒಲೆಯ ಕೆಂಡದ ಮೇಲೆ ಒಣ ಬಂಗಡೆ ಇಟ್ಟಿದ್ದಾಳೆ, ಗಂಜಿ ಆರುತ್ತಿದೆ. ಇಬ್ಬರೂ ಮಾತಾಡಲಿಲ್ಲ.

"ನಿಮ್ಮ ಊರಿನಲ್ಲಿ ಹಿಮ ಬೀಳುವುದಿಲ್ಲವಂತೆ" ಎಂದು ಮನೆಯೊಡತಿ ಕೇಳಿದರು, "ಹಾಗಾದರೆ ನಿಮಗೆ ಚಳಿಗಾಲವೇ ಇಲ್ಲವೇ?"

"ನಮ್ಮ ಹಿಮ ಜೂನ್‌ನಲ್ಲಿ ಬೀಳುತ್ತದೆ" ಎಂದೆ, "ನೀರಾಗಿ." ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಂತ್ರದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮೊಟ್ಟೆಯಿಡುವ ಕಾಲ ಎಂದೂ ಹೇಳಿದೆ. ಪಡುವಣ ಗಾಳಿಗೆ ಮನೆಯ ಮುಂದೆ ಮಡಲಿನ ತಟ್ಟಿ ಕಟ್ಟುವುದನ್ನು ಕೈಯಲ್ಲೇ ಮಾಡಿ ತೋರಿಸಿದೆ. ತಂಗಿ ಅನುವಾದಿಸುವ ಮೊದಲೇ ಅವರು ತಲೆಯಾಡಿಸಿ ಎದ್ದು ನನ್ನನ್ನು ಹಿತ್ತಲಿನ ಕಡೆಗೆ ಕರೆದೊಯ್ದರು. ಅಲ್ಲಿ ಕಿಟಕಿಗಳ ಹೊರಗೆ ಅಡ್ಡ ಹಲಗೆಗಳನ್ನು ಜೋಡಿಸಿ ಕಟ್ಟಿದ್ದರು, ಬೆಟ್ಟದಿಂದ ಜಾರಿ ಬರುವ ಹಿಮಕ್ಕೆ. ಗಂಟು ಹಾಕಿದ್ದು ನಮ್ಮವರು ಹಾಕುವ ಹಾಗೆಯೇ, ಒಂದೇ ಎಳೆತಕ್ಕೆ ಬಿಚ್ಚುವಂಥದ್ದು.

ಮೂರನೆಯ ದಿನ

ಬೆಳಿಗ್ಗೆ ಬಸ್ಸಿನಲ್ಲಿ ಹೊನ್‌ಜೋ ಕಡೆಯ ಉರಾಶಿಮಾ ದೇಗುಲಕ್ಕೆ ಹೋದೆವು. ಸ್ಥಾಪನೆಯಾದದ್ದು 825ರಲ್ಲಿ ಎನ್ನುತ್ತದೆ ಅಲ್ಲಿಯ ಪರಂಪರೆ. ಅಂಗಳದಲ್ಲಿ ಒಂದು ಹೆಜ್ಜೆಯೂ ಮೂಡಿರಲಿಲ್ಲ. ತುಳಿಯಲು ಮನಸ್ಸು ಬಾರದೆ ಸ್ವಲ್ಪ ಹೊತ್ತು ಹೊರಗೇ ನಿಂತೆವು.

ಉರಾಶಿಮಾನ ಕಥೆ ಜಪಾನಿನ ಮಕ್ಕಳಿಗೆಲ್ಲ ಗೊತ್ತಿರುವಂಥದ್ದು. 8ನೆಯ ಶತಮಾನದ ಬರಹಗಳಲ್ಲೇ ದಾಖಲಾಗಿದೆ. ಈ ಸೀಮೆಯ ಬೆಸ್ತನೊಬ್ಬ ಕಡಲಿನಲ್ಲಿ ಐದು ಬಣ್ಣದ ಆಮೆಯನ್ನು ಹಿಡಿಯುತ್ತಾನೆ. ಆಮೆ ಹೆಣ್ಣಾಗಿ ಅವನನ್ನು ಸಾವಿಲ್ಲದ ನಾಡಿಗೆ ಕರೆದೊಯ್ಯುತ್ತದೆ. ಮೂರು ವರ್ಷ ಸುಖವಾಗಿದ್ದವನಿಗೆ ಊರಿನ ನೆನಪು ಕಾಡುತ್ತದೆ. ತೆರೆಯಬೇಡ ಎಂದು ಹೇಳಿ ಅವಳು ಒಂದು ಪೆಟ್ಟಿಗೆ ಕೊಟ್ಟು ಕಳುಹಿಸುತ್ತಾಳೆ. ಬಂದು ನೋಡಿದರೆ ಊರಿನಲ್ಲಿ ಮುನ್ನೂರು ವರ್ಷ ಕಳೆದುಹೋಗಿದೆ, ಗುರುತಿನವರು ಒಬ್ಬರೂ ಇಲ್ಲ. ಪೆಟ್ಟಿಗೆ ತೆರೆಯುತ್ತಾನೆ.

ನಮ್ಮ ಪುರಾಣದ ಕಕುದ್ಮಿ ರಾಜನ ಕಥೆಯನ್ನು ನಾನು ತಂಗಿಗೆ ಅಲ್ಲೇ ನೆನಪಿಸಿದೆ. ಮಗಳು ರೇವತಿಗೆ ವರ ಕೇಳಲು ಬ್ರಹ್ಮನ ಸಭೆಗೆ ಹೋದವನು ಹಾಡು ಮುಗಿಯಲೆಂದು ಕ್ಷಣಹೊತ್ತು ಕಾದ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಉರುಳಿದ್ದವು. ಅವನಿಗೆ ಬೇಕಾದವರ ಹೆಸರನ್ನು ಹೇಳುವವರೂ ಉಳಿದಿರಲಿಲ್ಲ. "ಅವನಿಗೆ ಮಗಳಾದರೂ ಜೊತೆಗಿದ್ದಳು" ಎಂದಳು ತಂಗಿ. ಆಮೇಲೆ, ಹಿಮದ ಕಡೆಗೇ ನೋಡುತ್ತಾ, "ನಾನು ಮಳೆಗಾಲದಲ್ಲಿ ಮನೆಗೆ ಬಂದು ಎಂಟು ವರ್ಷವಾಯಿತು ಅಕ್ಕ. ಯಾವಾಗ ಬಂದರೂ ಡಿಸೆಂಬರಿನಲ್ಲೇ ಬರುತ್ತೇನೆ. ಊರು ಒಣಗಿರುತ್ತದೆ, ನನಗೆ ಗೊತ್ತಿದ್ದ ಊರಿನ ಹಾಗೆ ಕಾಣುವುದೇ ಇಲ್ಲ" ಎಂದಳು. ಈ ಊರನ್ನು ಅವಳು ಯಾಕೆ ಆರಿಸಿದಳು ಎಂಬುದು ನನಗೆ ಆಗ ತಿಳಿಯಿತು. ಪ್ರತಿ ಚಳಿಗಾಲವೂ ಒಬ್ಬಳೇ ಇಲ್ಲಿಗೆ ಬರುತ್ತಿದ್ದಳಂತೆ.

ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬರು ರೇಷ್ಮೆಯ ಕೈಚೀಲ ಹಿಡಿದಿದ್ದರು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಮುಟ್ಟಿ ನೋಡಲು ಕೊಟ್ಟರು. ತಾಂಗೋ ಚಿರಿಮೆನ್: ಮೈಮೇಲೆ ಸಣ್ಣ ಸಣ್ಣ ಸುಕ್ಕುಗಳಿರುವ ಕ್ರೇಪ್ ರೇಷ್ಮೆ. 1720ರಿಂದ ಈ ಸೀಮೆಯಲ್ಲಿ ನೇಯುತ್ತಿದ್ದಾರೆ. ಬಲವಾಗಿ ಹುರಿ ಹಾಕಿದ ನೂಲು ಒಣಹವೆಯಲ್ಲಿ ತುಂಡಾಗುತ್ತದೆ. ಶರದೃತುವಿನಿಂದ ಚಳಿಗಾಲದವರೆಗೆ ಬೀಸುವ ಉರಾನಿಶಿ ಎಂಬ ತೇವದ ಗಾಳಿಯೇ ಆ ನೂಲನ್ನು ಕಾಯ್ದದ್ದು ಎಂದು ಅವರು ವಿವರಿಸಿದರು. ಮೈಸೂರು ರೇಷ್ಮೆಯ ಕ್ರೇಪ್ ಸೀರೆ ಕೈಗೆ ಇಳಿಯುವಂತೆಯೇ ಆ ಬಟ್ಟೆಯೂ ಇಳಿಯಿತು. ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ ಎಂದು ನಾವು ಗೊಣಗುವ ಹವೆಯಿಂದ ಒಂದು ಸೀಮೆ ಮುನ್ನೂರು ವರ್ಷ ಅನ್ನ ಉಂಡಿದೆ.

ಮಧ್ಯಾಹ್ನ ಕೊಲ್ಲಿಯ ಇನ್ನೊಂದು ತುದಿಯಿಂದ ಅಓಶಿಮಾವನ್ನು ಹತ್ತಿರದಿಂದ ನೋಡಿದೆವು. ಹಿಂದೆ ತಿಮಿಂಗಿಲಗಳು ಮೀನನ್ನು ಅಟ್ಟಿಸಿಕೊಂಡು ಕೊಲ್ಲಿಯೊಳಗೆ ಬಂದಾಗ ನಡುಗಡ್ಡೆಗೂ ದಂಡೆಗೂ ನಡುವೆ ಬಲೆ ಹಾಕಿ ಹಿಡಿಯುತ್ತಿದ್ದರಂತೆ. ಕೊಂದ ತಿಮಿಂಗಿಲಗಳಿಗಾಗಿ ಆ ನಡುಗಡ್ಡೆಯಲ್ಲಿ ಸಮಾಧಿಗಲ್ಲು ನಿಲ್ಲಿಸಿದ್ದಾರೆ. ಬಸುರಿನಲ್ಲೇ ಸತ್ತ ಮರಿಗೂ ಕಲ್ಲಿದೆ. ನೀರಿನಾಚೆ ಹಿಮ ಹೊತ್ತ ಕಾಡಷ್ಟೇ ಕಾಣುತ್ತಿತ್ತು. ಹದ್ದುಗಳು ಮರದ ತುದಿಗಳಲ್ಲಿ ಮುದುಡಿ ಕೂತಿದ್ದವು. ತಂಗಿ ಕೈಗವಸು ತೆಗೆದು ಕೈ ಮುಗಿದಳು, ನಾನೂ ಮುಗಿದೆ.

ನಾಲ್ಕನೆಯ ದಿನ

ಬೆಳಗಿನ ಜಾವ ಎಚ್ಚರವಾದದ್ದು ಸದ್ದಿಗೆ. ಹೆಂಚಿನ ಮೇಲೆ ಮಳೆ. ಮೂರು ದಿನ ಬಾಯಿ ಕಟ್ಟಿಕೊಂಡಿದ್ದ ಮಾಡು ಈಗ ಬಾಯಿ ಬಿಟ್ಟಿತ್ತು. ತಂಗಿ ನನಗಿಂತ ಮೊದಲೇ ಎದ್ದು, ರಜಾಯಿ ಹೊದ್ದು ಕಿಟಕಿಯ ಬಳಿ ಕೂತಿದ್ದಳು. ಪಕ್ಕದಲ್ಲಿ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಮೊದಲ ಮಾಡಿನಿಂದ ಹಿಮದ ಹಾಳೆ ಜಾರಿ ಎರಡು ಮನೆಗಳ ನಡುವಿನ ಸಂದಿಗೆ ಧೊಪ್ಪನೆ ಬಿತ್ತು. ಆಮೇಲೆ ಇನ್ನೊಂದು, ಕೊಲ್ಲಿಯ ಆಚೆ ದಂಡೆಯಲ್ಲಿ ಮತ್ತೊಂದು. ಬೆಳಕು ಹರಿಯುವವರೆಗೂ ಊರು ಹೀಗೆ ಒಂದೊಂದಾಗಿ ಹಿಮ ಇಳಿಸುತ್ತಲೇ ಇತ್ತು.

ಹೊರಡುವಾಗ ಅಜ್ಜಿ ಅನ್ನದ ಉಂಡೆಗಳನ್ನು ಕಟ್ಟಿಕೊಟ್ಟರು. ಬಸ್ ನಿಲ್ದಾಣದವರೆಗೂ ಜೊತೆಗೆ ಬಂದರು. ಮತ್ತೆ ಬನ್ನಿ ಎಂದು ನನಗೆ ಹೇಳಿದ ಮೇಲೆ ತಂಗಿಗೆ ಬೇರೇನೋ ಹೇಳಿದರು. ಅವಳು ಅದನ್ನು ಅನುವಾದಿಸಲಿಲ್ಲ, ನಾನೂ ಕೇಳಲಿಲ್ಲ. ಬಸ್ ತಿರುಗುವವರೆಗೂ ಅವರು ಮಳೆಯಲ್ಲಿ ಕೊಡೆ ಹಿಡಿದು ಬಾಗಿ ನಿಂತಿದ್ದರು.

ರೈಲಿನಲ್ಲಿ ಬುತ್ತಿ ಬಿಚ್ಚಿದೆವು. ಉಂಡೆಯೊಳಗೆ ಹೆಶಿಕೊ ತುಂಬಿತ್ತು. ಅಯಾಬೆಯ ಈಚೆಗೆ ಸುರಂಗ ಕಳೆದ ಕೂಡಲೇ ಬಿಸಿಲು ಬಂತು. ಜೂನ್ ತಿಂಗಳಿಗೆ ರಜೆ ಕೇಳುತ್ತೇನೆ ಎಂದಳು ತಂಗಿ. ಕ್ಯೋಟೋ ನಿಲ್ದಾಣದಲ್ಲಿ ಒಣಗಿದ ಕೋಟು ತೊಟ್ಟ ಜನ ಅವಸರದಲ್ಲಿ ಹೋಗುತ್ತಿದ್ದರು. ನಮ್ಮ ಎರಡು ಕೊಡೆಗಳ ತುದಿಯಲ್ಲಿ ಇನ್ನೂ ನೀರಿತ್ತು.